ಪಾಸ್‌ವರ್ಡ್ ಸರಿ ಇದ್ದರೂ ಉಬುಂಟು ಒಳಗೆ ಬಿಡುತ್ತಿಲ್ಲ, ಯಾಕೆ?

ಪ್ರಶ್ನೆ: ಮುಧೋಳದ ಹತ್ತಿರ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಕಬ್ಬು ತೂಗುವ ಕಾಟಾದ ಉಬುಂಟು (ಲಿನಕ್ಸ್) ಮಷಿನ್‌ಗೆ ಬೆರಳಚ್ಚಿನ ಲಾಗಿನ್ ಹಾಕಲು, ಲಾಗಿನ್ ನಿಯಮಗಳಿರುವ ‘ಕಾಮನ್-ಆಥ್’ ಫೈಲಿನಲ್ಲಿ ಒಂದು ಸಾಲು ಸೇರಿಸಿದೆ. ಈಗ ಸರಿಯಾದ ಪಾಸ್‌ವರ್ಡ್ ಹೊಡೆದರೂ ತಪ್ಪು ಅನ್ನುತ್ತಿದೆ. ಏನು ಮಾಡಲಿ?

ಉತ್ತರ: ಪಾಸ್‌ವರ್ಡ್‌ಗೆ ಏನೂ ಆಗಿಲ್ಲ. ಕೆಟ್ಟಿರುವುದು ಸಾಲುಗಳ ಲೆಕ್ಕ.

ಲಾಗಿನ್, ಸುಡೋ (ಅಡ್ಮಿನ್ ಅಧಿಕಾರದಲ್ಲಿ ಕೆಲಸ ಮಾಡಿಸುವ ಕಮಾಂಡ್), ಸ್ಕ್ರೀನ್ ಲಾಕ್ ಯಾವುದೂ ಪಾಸ್‌ವರ್ಡನ್ನು ತಾನೇ ಪರೀಕ್ಷಿಸುವುದಿಲ್ಲ. ಆ ಕೆಲಸ ಪ್ಯಾಮ್‌ನದು, ಅಂದರೆ ಒಳಗೆ ಬರುವವರನ್ನು ಪರೀಕ್ಷಿಸುವ ತಂತ್ರಾಂಶದ್ದು. 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಮುಂದಿಟ್ಟ ಏರ್ಪಾಡು ಇದು. ಡೆಬಿಯನ್, ಉಬುಂಟುಗಳಲ್ಲಿ ಇವೆಲ್ಲ ಓದುವುದು ಒಂದೇ ಕಾಮನ್-ಆಥ್ ಫೈಲನ್ನು. ಅದಕ್ಕೇ ಒಂದು ಸಾಲು ತಪ್ಪಿದರೆ ಸುಡೋ ಕೂಡ ಕೈಕೊಡುತ್ತದೆ.

ಆ ಫೈಲಿನಲ್ಲಿ ಪಾಸ್‌ವರ್ಡ್ ನೋಡುವ ಸಾಲಿನಲ್ಲಿ ‘ಸಕ್ಸೆಸ್=1’ ಎಂದಿರುತ್ತದೆ. ಪಾಸ್‌ವರ್ಡ್ ಸರಿ ಇದ್ದರೆ ಮುಂದಿನ ಒಂದು ಸಾಲು ದಾಟಿ ಹೋಗು ಎಂದು ಅರ್ಥ. ದಾಟಬೇಕಾದ ಆ ಸಾಲು ‘ಪ್ಯಾಮ್-ಡಿನೈ’, ಅಂದರೆ ಎಲ್ಲರನ್ನೂ ತಡೆಯುವ ಸಾಲು. ನೀವು ಬಹುಶಃ ಇವೆರಡರ ನಡುವೆ ಹೊಸ ಸಾಲು ತುರುಕಿದ್ದೀರಿ. ಈಗ ಪ್ಯಾಮ್ ನಿಮ್ಮ ಸಾಲನ್ನು ದಾಟಿ ನೇರ ಡಿನೈ ಮೇಲೇ ಬೀಳುತ್ತಿದೆ. ಸರಿಯಾದ ಪಾಸ್‌ವರ್ಡ್ ಕೊಟ್ಟವರಿಗೇ ಬಾಗಿಲು ಮುಚ್ಚುತ್ತಿದೆ!

ಮೊದಲು ಮಷಿನ್ ರೀಸ್ಟಾರ್ಟ್ ಮಾಡಿ. ಶುರುವಾಗುವಾಗ ಬರುವ ಗ್ರಬ್ ಮೆನುವಿನಿಂದ ರಿಕವರಿ ಮೋಡ್‌ಗೆ ಹೋಗಿ ರೂಟ್ ಶೆಲ್ (ಪೂರ್ತಿ ಅಧಿಕಾರವಿರುವ ಕಮಾಂಡ್ ಪರದೆ) ತೆರೆಯಿರಿ. ಡಿಸ್ಕಿಗೆ ಬರೆಯಲು ಆಗುವಂತೆ ರೀಮೌಂಟ್ ಮಾಡಿ, ‘ಪ್ಯಾಮ್-ಆಥ್-ಅಪ್‌ಡೇಟ್’ ಕಮಾಂಡನ್ನು ‘ಫೋರ್ಸ್’ ಆಯ್ಕೆಯೊಂದಿಗೆ ಓಡಿಸಿ. ಕೈಯಿಂದ ತಿದ್ದಿದ ಫೈಲನ್ನು ಈ ಕಮಾಂಡ್ ಸುಮ್ನೆ ಮುಟ್ಟುವುದಿಲ್ಲ, ಅದಕ್ಕೇ ಫೋರ್ಸ್ ಬೇಕು.

ಬೆರಳಚ್ಚು ಸೇರಿಸುವುದೂ ಇದೇ ದಾರಿಯಲ್ಲಿ. ‘ಲಿಬ್‌ಪ್ಯಾಮ್-ಎಫ್‌ಪ್ರಿಂಟ್‌ಡಿ’ ಪ್ಯಾಕೇಜ್ ಹಾಕಿ, ಬೆರಳು ನೋಂದಾಯಿಸಿ, ಅದೇ ಕಮಾಂಡಿನ ಪಟ್ಟಿಯಲ್ಲಿ ಫಿಂಗರ್‌ಪ್ರಿಂಟ್‌ಗೆ ಟಿಕ್ ಕೊಡಿ. ಸಾಲುಗಳ ಲೆಕ್ಕವನ್ನು ಅದೇ ಸರಿಮಾಡುತ್ತದೆ. ಮೊದಲು ಬೆರಳು ಕೇಳುತ್ತದೆ, ಆಗದಿದ್ದರೆ ಪಾಸ್‌ವರ್ಡ್. ಪಾಸ್‌ವರ್ಡಿನ ಟಿಕ್ ಮಾತ್ರ ತೆಗೆಯಬೇಡಿ. ಕಾಟಾದಲ್ಲಿ ಧೂಳು ಜಾಸ್ತಿ ಅಲ್ವಾ, ಮಾಸಿದ ಬೆರಳನ್ನು ಸೆನ್ಸರ್ ಗುರುತಿಸದೇ ಹೋಗಬಹುದು. ಹಂಗಾಮಿನಲ್ಲಿ ಟ್ರ್ಯಾಕ್ಟರ್ ಸಾಲು ನಿಂತಾಗ ಕಂಪ್ಯೂಟರ್ ತೆರೆಯದಿದ್ದರೆ ರೈತರೇ ಬಿಸಿಲಲ್ಲಿ ಕಾಯಬೇಕು.

ಬದಲಾವಣೆ ಮಾಡುವಾಗ ಒಂದು ಟರ್ಮಿನಲ್‌ನಲ್ಲಿ ರೂಟ್ ಆಗಿ ಕೂತಿರಿ. ಪ್ಯಾಮ್ ಬದಲಾವಣೆಗೆ ರೀಸ್ಟಾರ್ಟ್ ಬೇಡ, ತಕ್ಷಣ ಜಾರಿಗೆ ಬರುತ್ತದೆ. ಇನ್ನೊಂದು ಟರ್ಮಿನಲ್‌ನಲ್ಲಿ ಸುಡೋ ನಡೆಯಿತು ಎಂದು ಖಾತ್ರಿಯಾದ ಮೇಲೆಯೇ ಮೊದಲಿನದನ್ನು ಮುಚ್ಚಿ. ಆಫೀಸಿನಲ್ಲಿ ಫೆಡೋರಾ (ಇನ್ನೊಂದು ಬಗೆಯ ಲಿನಕ್ಸ್) ಮಷಿನ್ ಇದ್ದರೆ ಅಲ್ಲಿ ಈ ಕೆಲಸಕ್ಕೆ ‘ಆಥ್‌ಸೆಲೆಕ್ಟ್’ ಬಳಸಿ.