ಕಾಮಿನಿ ಪೊದೆಯನ್ನು ಮರ ಮಾಡುವುದು: ನಾನು ಎಡವಿದ ಜಾಗ

ಮೈಸೂರಿನ ನಮ್ಮ ಮನೆಯ ಕಾಂಪೌಂಡು 5 ಅಡಿ ಎತ್ತರ. ಪಕ್ಕದವರು ಮಹಡಿ ಕಟ್ಟಿದ ಮೇಲೆ ಅವರ ಬಾಲ್ಕನಿಗೆ ನಮ್ಮ ಜಗಲಿ ಪೂರ್ತಿ ಕಾಣುತ್ತದೆ. ಅಲ್ಲಿ ಕೂತು ಸೊಪ್ಪು ಬಿಡಿಸಿದರೂ ಮೇಲಿನಿಂದ "ಇವತ್ತು ಬಸ್ಸಾರಾ?" ಅಂತ ಪ್ರಶ್ನೆ ಬರುತ್ತದೆ. ಅದಕ್ಕೇ ಕಾಮಿನಿ ನೆಟ್ಟೆ. ಕಾಡು ಕರಿಬೇವು ಅಂತಲೂ ಕರೆಯುತ್ತಾರೆ. ವರ್ಷವಿಡೀ ಹಸಿರು, ಬಿಳಿ ಹೂವು, ಒಳ್ಳೇ ಪರಿಮಳ. ಸುಮ್ನೆ ಬಿಟ್ಟರೆ ಬುಡದಿಂದಲೇ ಕವಲೊಡೆದು ಪೊದೆಯಾಗುತ್ತದೆ. ನಮಗೆ ಬೇಕಾದ್ದು ಒಂದು ಕಾಂಡ, ಗೋಡೆಯಿಂದ ಮೇಲೆ ದಟ್ಟ ತಲೆ.

ಎಷ್ಟು ಎತ್ತರ ಬೇಕು? ಬಾಲ್ಕನಿಯಲ್ಲಿ ನಿಂತವರ ಕಣ್ಣು ನೆಲದಿಂದ ಸುಮಾರು 15 ಅಡಿ. ಕುರ್ಚಿಯಲ್ಲಿ ಕೂತ ನನ್ನ ಕಣ್ಣು 4 ಅಡಿ. ನಡುವಿನ ದೂರ 20 ಅಡಿ. ಗಿಡ ಸರಿಯಾಗಿ ಮಧ್ಯದಲ್ಲಿದ್ದರೆ ಒಂಬತ್ತೂವರೆ ಅಡಿ ಬೆಳೆಯಬೇಕು. ನನ್ನಿಂದ 8 ಅಡಿ ದೂರಕ್ಕೆ ನೆಟ್ಟರೆ ಎಂಟೂವರೆ ಸಾಕು. ಅಂದರೆ ನಮಗೆ ಹತ್ತಿರ ನೆಟ್ಟಷ್ಟೂ ಗಿಡ ಗಿಡ್ಡವಿದ್ದರೂ ನಡೆಯುತ್ತದೆ! ಈ ಲೆಕ್ಕ ಹೊಳೆದ ದಿನ ಮನೆಯವರಿಗೆಲ್ಲ ಹೇಳಿಕೊಂಡು ತಿರುಗಿದೆ. ಲೆಕ್ಕ ಬೇಡವಾದರೆ ಒಬ್ಬರ ಕೈಗೆ ಉದ್ದನೆ ಗಳ ಕೊಟ್ಟು ನಿಲ್ಲಿಸಿ, ಗಳದ ಎಷ್ಟು ಎತ್ತರ ಬಾಲ್ಕನಿಗೆ ಅಡ್ಡ ಬರುತ್ತದೆ ಅಂತ ಕುರ್ಚಿಯಲ್ಲಿ ಕೂತು ನೋಡಿ.

ಇನ್ನು ನಾನು ಎಡವಿದ್ದು. ಗಿಡದಲ್ಲಿ 2 ಅಡಿ ಎತ್ತರಕ್ಕೆ ಒಂದು ಚಂದದ ಕೊಂಬೆ ಇತ್ತು. ಗಿಡ ಬೆಳೆದ ಹಾಗೆ ಅದೂ ಮೇಲೆ ಹೋಗುತ್ತದೆ ಅಂದುಕೊಂಡು ಒಂದು ವರ್ಷ ಕಾದೆ. ಹೋಗಲಿಲ್ಲ. ಹೋಗುವುದೇ ಇಲ್ಲ! ಗಿಡ ಉದ್ದವಾಗುವುದು ತುದಿಯಲ್ಲಿ ಮಾತ್ರ. ಕೆಳಗಿನ ಕಾಂಡ ದಪ್ಪವಾಗುತ್ತದೆ ಅಷ್ಟೇ. ಅಜ್ಜಿ ಮನೆಯ ಹಲಸಿನ ಮರಕ್ಕೆ ಬಟ್ಟೆ ಒಣಹಾಕುವ ತಂತಿ ಕಟ್ಟಿದ್ದರು. ಈಗ ತೊಗಟೆ ತಂತಿಯನ್ನು ನುಂಗಿಬಿಟ್ಟಿದೆ, ಆದರೆ ತಂತಿ ಇರುವುದು ಅದೇ ಎತ್ತರದಲ್ಲಿ. ಕಣ್ಣೆದುರೇ ಇತ್ತು, ನನಗೆ ಹೊಳೆದಿರಲಿಲ್ಲ. ಹಾಗಾಗಿ 5 ಅಡಿಯ ಕೆಳಗೆ ಹುಟ್ಟಿದ ಯಾವ ಕೊಂಬೆಯೂ ಮರೆಗೆ ಲೆಕ್ಕಕ್ಕಿಲ್ಲ.

ಸರಿ, ಅವನ್ನೆಲ್ಲ ಒಂದೇ ದಿನ ಕತ್ತರಿಸಬಹುದಾ? ನರ್ಸರಿಯವರು "ಎಲ್ಲಾ ಹಾರಿಸಿಬಿಡಿ ಮೇಡಂ" ಅಂದರು. ಒಂದು ಗಿಡಕ್ಕೆ ಹಾಗೇ ಮಾಡಿದೆ. ತಲೆ ಬೆಳೆಯಿತು, ಕಾಂಡ ಪೆನ್ಸಿಲ್‌ನಷ್ಟೇ ಉಳಿಯಿತು. ಮೊದಲ ಜೋರು ಮಳೆಗೆ ತಲೆ ನೆಲ ಮುಟ್ಟಿತು. ಪಕ್ಕದ ಸಣ್ಣ ಕೊಂಬೆಗಳ ಎಲೆ ಮಾಡುವ ಆಹಾರ ಸಿಕ್ಕರೇ ಆ ಭಾಗದ ಕಾಂಡ ಚೆನ್ನಾಗಿ ದಪ್ಪವಾಗುವುದು. ಎರಡನೇ ಗಿಡದ ಹೊತ್ತಿಗೆ ನನಗೆ ಬುದ್ಧಿ ಬಂತು: ಕೆಳಗಿನ ಕೊಂಬೆಗಳನ್ನು ಗೇಣುದ್ದಕ್ಕೆ ಮೊಟಕು ಮಾಡಿ ಬಿಟ್ಟೆ. ಕಾಂಡ ಹೆಬ್ಬೆರಳಿನಷ್ಟು ದಪ್ಪವಾದ ಮೇಲೆ ಕೆಳಗಿನಿಂದ ಶುರುಮಾಡಿ ಒಂದೊಂದೇ ತೆಗೆದೆ. ಕಾಂಡ ಬಲಿಯುವವರೆಗೆ ಗಿಡದ ಮೇಲಿನ ಮೂರನೇ ಎರಡು ಭಾಗದಲ್ಲಿ ಎಲೆ ಇರಬೇಕು.

ಕೊಂಬೆ ತೆಗೆಯುವಾಗ ಬುಡದಲ್ಲಿ ಸಣ್ಣ ಉಬ್ಬು ಕಾಣುತ್ತದೆ. ಅದನ್ನು ಉಳಿಸಿ ಅದರ ಹೊರಗೆ ಕತ್ತರಿಸಿ. ಗಾಯ ಮುಚ್ಚುವುದು ಆ ಉಬ್ಬೇ. ಪೇಂಟ್ ಬಳಿಯುವುದು ಬೇಡ.

ಗಿಡವನ್ನು ಆಸರೆಯ ಕೋಲಿಗೆ ಹಳೇ ಕಾಟನ್ ಸೀರೆಯ ಚೂರಿನಿಂದ ಸಡಿಲವಾಗಿ ಕಟ್ಟಿ. ಗಾಳಿಗೆ ಸ್ವಲ್ಪ ಅಲ್ಲಾಡಿದರೇ ಕಾಂಡ ಗಟ್ಟಿಯಾಗುವುದು. ವರ್ಷದೊಳಗೆ ಕೋಲು ತೆಗೆಯಿರಿ.

ತುದಿ ಚಿವುಟುವುದು ಕೊನೆಗೆ. ತುದಿ ಮೊಗ್ಗು ಇರುವವರೆಗೂ ಅದು ಕೆಳಗಿನ ಮೊಗ್ಗುಗಳನ್ನು ತಡೆದಿಟ್ಟಿರುತ್ತದೆ. 6 ಅಡಿ ದಾಟಿದ ಮೇಲೆ ಚಿವುಟಿದರೆ ಅಲ್ಲಿಂದ ಕವಲು ಬರುತ್ತದೆ. ಮತ್ತೆ ಮತ್ತೆ ಚಿವುಟಿದರೆ ದಟ್ಟವಾಗುತ್ತದೆ. ಬುಡದಲ್ಲಿ ಬಂದ ಚಿಗುರನ್ನು ಎಳೆಯದಾಗಿರುವಾಗಲೇ ಕೈಯಲ್ಲಿ ಕಿತ್ತುಬಿಡಿ.

ಮನೆಯಲ್ಲಿ ನಿಂಬೆ ಗಿಡ ಇದೆಯಾ? ಹಾಗಾದರೆ ಕಾಮಿನಿ ಬೇಡ. ನಿಂಬೆಗೆ ಗ್ರೀನಿಂಗ್ ರೋಗ ಹರಡುವ ಸಿಲ್ಲಾ ಹುಳ ಕಾಮಿನಿ ಚಿಗುರಿನಲ್ಲೂ ಮೊಟ್ಟೆ ಇಡುತ್ತದೆ. ದಾಸವಾಳ ತನ್ನಿ, ಮಾಡುವ ಕ್ರಮ ಇದೇ.