ಮೌಸ್ ಅಂದರೆ ಸೇರು, ಸ್ಟಿಕ್ ಅಂದರೆ ತೂಬು

ಬೇಸಿಗೆ ರಜೆಗೆ ಅಕ್ಕನ ಮಗ ಗಂಗಾವತಿಗೆ ಬಂದಾಗ ಬ್ಯಾಗಿನಲ್ಲಿ ಹೊಸ ಮೌಸ್ ಇತ್ತು. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ 25,600 ಡಿಪಿಐ. "ಮಾಮಾ, ಡಿಪಿಐ ಜಾಸ್ತಿ ಇದ್ರ ಗುರಿ ತಪ್ಪಂಗಿಲ್ಲ" ಅಂದ. ಗುಂಡು ಹಾರಿಸುವ ಆಟ ಕೌಂಟರ್ ಸ್ಟ್ರೈಕ್ ಶುರು ಮಾಡಿದ. ಗುರಿ ತಪ್ಪುತ್ತಲೇ ಇತ್ತು.

ಈ ನಂಬಿಕೆ ನೋಡಿದರೆ ನನಗೆ ಸಂಕಟವಾಗುತ್ತದೆ. ಮಕ್ಕಳು ಹಬ್ಬದ ದುಡ್ಡು ಕೂಡಿಟ್ಟು ಡಬ್ಬಿಯ ಮೇಲಿನ ಅಂಕಿ ನೋಡಿ ಕೊಳ್ಳುತ್ತಾರೆ. ಆ ಅಂಕಿ ಏನು ಅಂತ ಯಾರೂ ಅವರಿಗೆ ಹೇಳಿರುವುದಿಲ್ಲ. ಮೌಸ್ ಒಂದು ಇಂಚು ಸರಿದರೆ ಕಂಪ್ಯೂಟರಿಗೆ ಎಷ್ಟು ಎಣಿಕೆ ಹೋಗುತ್ತದೆ, ಅದೇ ಡಿಪಿಐ. ಒಂದು ಎಣಿಕೆಗೆ ಪರದೆಯ ಮೇಲಿನ ನೋಟ ಎಷ್ಟು ತಿರುಗಬೇಕು ಅನ್ನೋದನ್ನು ಆಟದೊಳಗಿನ ಸೆನ್ಸಿಟಿವಿಟಿ ಸೆಟ್ಟಿಂಗ್ ಹೇಳುತ್ತದೆ. ಕೌಂಟರ್ ಸ್ಟ್ರೈಕ್‌ನಲ್ಲಿ ಅದನ್ನು 1 ಇಟ್ಟರೆ ಒಂದು ಎಣಿಕೆಗೆ ನೋಟ 0.022 ಡಿಗ್ರಿ ತಿರುಗುತ್ತದೆ. 800 ಡಿಪಿಐ ಇದ್ದರೆ ಪೂರ್ತಿ ಒಂದು ಸುತ್ತಿಗೆ ಸುಮಾರು 52 ಸೆಂ.ಮೀ. ಎಳೆಯಬೇಕು. ಡಬ್ಬಿಯ ಮೇಲಿನ 25,600 ಗರಿಷ್ಠ ಮಿತಿ ಅಷ್ಟೇ, ನಮ್ಮ ಹುಡುಗ 3200ಕ್ಕೆ ಇಟ್ಟಿದ್ದ. ಅಲ್ಲಿ 13 ಸೆಂ.ಮೀ.ಗೇ ಸುತ್ತು ಮುಗಿಯುತ್ತದೆ. ಒಂದು ಡಿಗ್ರಿಗೆ ಸಿಗೋದು 0.36 ಮಿ.ಮೀ. ಸೋನಾ ಮಸೂರಿ ಕಾಳಿನ ದಪ್ಪಕ್ಕಿಂತ ಎಷ್ಟೋ ಕಡಿಮೆ! ಗಟ್ಟಿಮುಟ್ಟಾದವರ ಕೈಯೂ ಸಣ್ಣಗೆ ನಡುಗುತ್ತಲೇ ಇರುತ್ತದೆ. ಅಷ್ಟು ಕಿರಿದಾದ ಜಾಗದಲ್ಲಿ ಅದು ಹೇಗೆ ನಿಂತೀತು? 800ಕ್ಕೆ ಇಳಿಸಿದೆವು. ಕೀಬೋರ್ಡ್ ಓರೆಯಾಗಿ ಸರಿಸಿ ಮೌಸಿಗೆ ಜಾಗ ಮಾಡಿದೆವು. ಸಂಜೆಯೊಳಗೆ ಅವನಿಗೇ ವ್ಯತ್ಯಾಸ ಗೊತ್ತಾಯಿತು.

ಆಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಹಚ್ಚಿ ನೋಡುವ ಆಸೆ ಹುಟ್ಟಿತು. ಗೆಳೆಯನ ಮನೆಯಿಂದ ಗೇಮ್ ಕಂಟ್ರೋಲರ್ ಬಂತು. ನನ್ನ ಕಪಾಟಿನಿಂದ ಹಳೆಯ ಟ್ರ್ಯಾಕ್‌ಬಾಲ್, ಅಂದರೆ ಚೆಂಡು ಉರುಳಿಸಿ ನಡೆಸುವ ಸಾಧನ, ಹೊರಬಂತು.

ಕಂಟ್ರೋಲರಿನ ಸ್ಟಿಕ್‌ನಲ್ಲಿ, ಅಂದರೆ ಹೆಬ್ಬೆರಳಿನಿಂದ ಬಾಗಿಸುವ ಪುಟ್ಟ ಕಡ್ಡಿಯಲ್ಲಿ, ಹುಡುಗ ಪೂರ್ತಿ ಸೋತ. ಗುರಿ ದಾಟಿ ಆಚೆ ಹೋಗುತ್ತಿದ್ದ, ಮತ್ತೆ ಈಚೆ ಬರುತ್ತಿದ್ದ. ಯಾಕೆ ಹೀಗೆ? ಇಲ್ಲಿದೆ ನನಗೆ ತುಂಬಾ ಇಷ್ಟವಾದ ವಿಷಯ.

ಮೌಸ್ ಅಂದರೆ ಸೇರು. ಎರಡು ಸೇರು ಅಳೆದರೆ ಎರಡು ಸೇರು ಬಿತ್ತು. ನಿಧಾನ ಸುರಿ, ಬೇಗ ಸುರಿ, ಲೆಕ್ಕ ಬದಲಾಗದು. ಕೈ ಎಷ್ಟು ಸರಿಯಿತೋ ನೋಟ ಅಷ್ಟು ತಿರುಗಿತು. ಸ್ಟಿಕ್ ಹಾಗಲ್ಲ. ಅದು ಕಾಲುವೆಯ ತೂಬು. ತೂಬು ಎಷ್ಟು ಎತ್ತುತ್ತೀರೋ ಅಷ್ಟು ಜೋರಾಗಿ ನೀರು ಹರಿಯುತ್ತದೆ. ಗದ್ದೆಗೆ ಎಷ್ಟು ನೀರು ಬಿತ್ತು ಅನ್ನೋದು ತೂಬಿನಲ್ಲಿ ಬರೆದಿರುವುದಿಲ್ಲ. ಎಷ್ಟು ಎತ್ತಿದಿರಿ, ಎಷ್ಟು ಹೊತ್ತು ಬಿಟ್ಟಿರಿ, ಎರಡನ್ನೂ ಗುಣಿಸಬೇಕು. ನಲ್ಲಿಯ ಕೆಳಗೆ ಕೊಡ ಇಟ್ಟು ಕಂಠದವರೆಗೆ ಸರಿಯಾಗಿ ತುಂಬಿಸಿ ನೋಡಿ. ನಲ್ಲಿ ಪೂರ್ತಿ ತಿರುಗಿಸಿದ್ದರೆ ನಿಲ್ಲಿಸುವಷ್ಟರಲ್ಲಿ ಚೆಲ್ಲುತ್ತದೆ. ಸಣ್ಣಗೆ ಬಿಟ್ಟರೆ ತುಂಬೋದೇ ಇಲ್ಲ ಅನ್ನಿಸುತ್ತದೆ. ಕಣ್ಣು ಕಂಡದ್ದಕ್ಕೆ ಕೈ ಪ್ರತಿಕ್ರಿಯಿಸಲು ಸುಮಾರು 200 ಮಿಲಿಸೆಕೆಂಡ್ ಬೇಕು. ನೋಟ ಸೆಕೆಂಡಿಗೆ 180 ಡಿಗ್ರಿ ತಿರುಗುತ್ತಿದ್ದರೆ ಅಷ್ಟರಲ್ಲಿ 36 ಡಿಗ್ರಿ ಹೋಗಿಬಿಟ್ಟಿರುತ್ತದೆ. ಹುಡುಗ ದಡ್ಡನಲ್ಲ. ಅವನ ಕೈಯಲ್ಲಿ ಇದ್ದದ್ದು ತೂಬು, ಬೇಕಾಗಿದ್ದದ್ದು ಸೇರು.

ತೂಬಿಗೂ ಅದರದೇ ಜಾಗ ಇದೆ. ಶತ್ರು ಒಂದೇ ವೇಗದಲ್ಲಿ ಅಡ್ಡ ಓಡುತ್ತಿದ್ದರೆ ಸ್ಟಿಕ್ಕನ್ನು ಒಂದೇ ಕಡೆ ಬಾಗಿಸಿ ಹಿಡಿದರೆ ಸಾಕು, ನೋಟ ತಾನೇ ಹಿಂಬಾಲಿಸುತ್ತದೆ. ಥಟ್ಟನೆ ತಿರುಗಿ ನಿಲ್ಲಿಸುವಾಗ ಮಾತ್ರ ಕಷ್ಟ. ಅದಕ್ಕೇ ಅನೇಕ ಕಂಟ್ರೋಲರ್ ಆಟಗಳಲ್ಲಿ ಗುರಿಯ ಹತ್ತಿರ ಬಂದ ಕೂಡಲೇ ನೋಟವನ್ನು ಆಟವೇ ನಿಧಾನ ಮಾಡುತ್ತದೆ. ಕೆಸರುಗದ್ದೆಗೆ ಕಾಲಿಟ್ಟ ಹಾಗೆ.

ಇದು ಹೊಸ ಜಗಳವೇನಲ್ಲ. ಅಮೆರಿಕದ ಎಂಜಿನಿಯರ್ ಡಗ್ಲಾಸ್ ಎಂಗೆಲ್‌ಬಾರ್ಟ್ ಕಲ್ಪಿಸಿದ ಮೊದಲ ಮೌಸನ್ನು 1964ರಲ್ಲಿ ಮರದಲ್ಲಿ ಕಟ್ಟಿದವರು ಬಿಲ್ ಇಂಗ್ಲಿಷ್. ಅದೇ ಇಂಗ್ಲಿಷ್ ಮುಂದೆ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಸ್ಟುವರ್ಟ್ ಕಾರ್ಡ್ ಮತ್ತು ಬೆಟ್ಟಿ ಬರ್ ಜೊತೆ ಸೇರಿ ಮೌಸನ್ನೂ ತೂಬಿನ ಜಾತಿಯ ಜಾಯ್‌ಸ್ಟಿಕ್ಕನ್ನೂ ಹೋಲಿಸಿದರು. ಫಲಿತಾಂಶ 1978ರಲ್ಲಿ ಹೊರಬಂತು. ಪರದೆಯ ಮೇಲಿನ ಪದಕ್ಕೆ ಗುರಿಯಿಡುವ ಕೆಲಸದಲ್ಲಿ ಮೌಸ್ ಗೆದ್ದಿತು. ಇನ್ನೂ ಸೊಗಸಾದ ಮಾತೊಂದು ಅಲ್ಲಿತ್ತು. ಬರಿಗೈ ಗುರಿ ಮುಟ್ಟುವ ವೇಗಕ್ಕೊಂದು ಸೂತ್ರವನ್ನು ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲೇ ಕೊಟ್ಟಿದ್ದರು. ಮೌಸಿನ ವೇಗ ಅದರ ಹತ್ತಿರವೇ ಬಂದಿತ್ತು! ಅಂದರೆ ಆಗಲೇ ವೇಗವನ್ನು ಕಟ್ಟಿಹಾಕುತ್ತಿದ್ದದ್ದು ಮೌಸ್ ಅಲ್ಲ, ನಮ್ಮ ನರ ಮತ್ತು ಸ್ನಾಯು. 25,600ರ ಡಬ್ಬಿ ನೋಡಿದಾಗೆಲ್ಲ ನನಗೆ ಇದೇ ನೆನಪಾಗುತ್ತದೆ.

ಟ್ರ್ಯಾಕ್‌ಬಾಲ್ ಮೌಸಿಗಿಂತ ಹಳೆಯದು. 1952ರ ಹೊತ್ತಿಗೆ ಕೆನಡಾದ ನೌಕಾಪಡೆಗೆ ಮಾಡಿದ ಯಂತ್ರದಲ್ಲಿ ಬೌಲಿಂಗ್ ಆಟದ ಚೆಂಡನ್ನೇ ಕೂರಿಸಿದ್ದರು. ಇದೂ ಸೇರಿನ ಜಾತಿ: ಚೆಂಡು ಉರುಳಿದಷ್ಟು ನೋಟ. ಮೇಜಿನಲ್ಲಿ ಜಾಗ ಬೇಡ, ಎತ್ತಿ ಇಡೋದು ಬೇಡ. ಆದರೆ ಮೊಣಕೈ ಮಾಡುವ ಕೆಲಸವೆಲ್ಲ ಒಂದು ಹೆಬ್ಬೆರಳಿಗೆ ಬೀಳುತ್ತದೆ. ಮೇ ತಿಂಗಳ ಬೆವರಿನಲ್ಲಿ ಚೆಂಡು ಜಿಗುಟಾಯಿತು. ದಿನಕ್ಕೆ ಎರಡು ಸಲ ಒರೆಸಿದೆವು.

ನನ್ನ ಮನಸ್ಸು ಗೆದ್ದದ್ದು ಜೈರೋ. ಆ ಕಂಟ್ರೋಲರಿನ ಒಳಗೇ ಅದು ಇತ್ತು, ಸೆಟ್ಟಿಂಗ್‌ನಲ್ಲಿ ಆನ್ ಮಾಡಿದೆವು. ಕಂಟ್ರೋಲರನ್ನೇ ಗಾಳಿಯಲ್ಲಿ ತುಸು ತಿರುಗಿಸಿದರೆ ನೋಟ ತಿರುಗುತ್ತದೆ. ಒಳಗಿನ ಸಣ್ಣ ಚಿಪ್ ಅಳೆಯೋದು ತಿರುಗುವ ವೇಗವನ್ನು. ಪ್ರತಿ ಕ್ಷಣದ ವೇಗವನ್ನು ಸಮಯದಿಂದ ಗುಣಿಸಿ ಕಂಪ್ಯೂಟರ್ ಕೂಡಿಸುತ್ತಾ ಹೋಗುತ್ತದೆ. ತೂಬಿನ ಲೆಕ್ಕವನ್ನು ಯಂತ್ರವೇ ಮಾಡಿ ನಮ್ಮ ಕೈಗೆ ಸೇರು ಕೊಡುತ್ತದೆ, ಅಲ್ವಾ? ದೊಡ್ಡ ತಿರುವಿಗೆ ಸ್ಟಿಕ್, ಕೊನೆಯ ಹೊಂದಾಣಿಕೆಗೆ ಜೈರೋ. ಎರಡೇ ದಿನದಲ್ಲಿ ಹುಡುಗನಿಗೆ ಒಗ್ಗಿತು.

ಕೊನೆಗೆ ಅಪ್ಪ ಬಂದು ಕೂತರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆದವರು. ಆಟ ಅವರಿಗೆ ಗೊತ್ತಿಲ್ಲ. ಜೈರೋ ಬಂದ್ ಮಾಡಿ ಬರೀ ಸ್ಟಿಕ್ ಕೊಟ್ಟೆವು. ಮೊದಲ ಎರಡು ಸಲ ಗುರಿ ದಾಟಿತು. ಮೂರನೆಯ ಸಲ ಗುರಿ ಇನ್ನೂ ದೂರ ಇರುವಾಗಲೇ ಬೆರಳು ಸಡಿಲಿಸುತ್ತಾ ಬಂದರು. ನೋಟ ಗುರಿಯ ಪಕ್ಕದಲ್ಲೇ ಬಂದು ನಿಂತಿತು.

"ಅಜ್ಜಾ, ಹೆಂಗ ಗೊತ್ತಾತು?" ಅಂದ ಹುಡುಗ.

"ಮಡಿ ತುಂಬಿದ ಮ್ಯಾಲೆ ತೂಬು ಮುಚ್ಚಿದ್ರ ಬದು ಒಡೀತೈತಿ" ಅಂದರು ಅಪ್ಪ.