446 ಬೈಟಿನ ಕಾವಲುಗಾರ

ಒಂದು ಭಾನುವಾರ ಭಾವ ಹಳೇ ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ಬಂದರು. ವಿಂಡೋಸ್ 7ರ ಕಾಲದ್ದು. "ಆನ್ ಮಾಡಿದ ತಕ್ಷಣ ಎಫ್11 ಒತ್ತಿದ್ರೆ ಹೊಸದರ ಥರ ಆಗುತ್ತೆ ಅಂತ ಇದರ ಜೊತೆ ಬಂದ ಪುಸ್ತಕದಲ್ಲಿದೆ ಕಣೋ. ಒತ್ತಿ ಒತ್ತಿ ಬೆರಳು ನೋವು ಬಂತು, ಏನೂ ಆಗ್ತಿಲ್ಲ" ಅಂದರು. ವಿಚಾರಿಸಿದರೆ, ಅಕ್ಕನ ಮಗ ಹಿಂದೊಮ್ಮೆ ಅದರಲ್ಲಿ ವಿಂಡೋಸ್ ಪಕ್ಕಕ್ಕೆ ಉಬುಂಟು ಅನ್ನುವ ಲಿನಕ್ಸ್ ಓಎಸ್ (ಆಪರೇಟಿಂಗ್ ಸಿಸ್ಟಂ) ಹಾಕಿಕೊಂಡಿದ್ದ. ರಿಕವರಿ ಪಾರ್ಟಿಷನ್, ಅಂದರೆ ಲ್ಯಾಪ್‌ಟಾಪನ್ನು ಮೊದಲಿನ ಹಾಗೆ ಮಾಡುವ ಸರಕು ಇಟ್ಟ ಡಿಸ್ಕಿನ ಪ್ರತ್ಯೇಕ ಭಾಗ, ಅವನು ಮುಟ್ಟಿರಲಿಲ್ಲ. 12 ಜಿಬಿ ಹಾಗೇ ಇತ್ತು. ಮತ್ತೆ ಎಫ್11 ಸತ್ತಿದ್ದು ಯಾಕೆ?

ಯಾಕೆಂದರೆ ಎಫ್11ಕ್ಕೆ ಸ್ವಂತ ಶಕ್ತಿ ಏನೂ ಇಲ್ಲ. ಅದು ಎಲ್ಲ ಕೀಲಿಗಳ ಹಾಗೆ ಒಂದು ಕೀಲಿ. ಅದನ್ನು ಯಾರಾದರೂ ಒತ್ತಿದರಾ ಅಂತ ನೋಡುತ್ತಾ ಕೂತ ಒಂದು ಪುಟ್ಟ ಪ್ರೋಗ್ರಾಂ ಇರುತ್ತದೆ. ಆ ಕಾವಲುಗಾರ ಹೋದರೆ ಬಾಗಿಲು ಬಡಿದರೂ ತೆಗೆಯುವವರಿಲ್ಲ.

ಇವನು ಎಷ್ಟು ಪುಟ್ಟವನು ಗೊತ್ತಾ? ಹಳೇ ಕಂಪ್ಯೂಟರ್ ಆನ್ ಆದಾಗ ಮೊದಲು ಏಳುವುದು ಮದರ್‌ಬೋರ್ಡಿನಲ್ಲಿರುವ ಬಯಾಸ್ ಅನ್ನುವ ಪ್ರೋಗ್ರಾಂ. ಅದು ಡಿಸ್ಕಿನ ಮೊಟ್ಟಮೊದಲ ಸೆಕ್ಟರ್ (ತುಣುಕು) ಓದುತ್ತದೆ. ಅದು 512 ಬೈಟು. ಹೆಸರು ಮಾಸ್ಟರ್ ಬೂಟ್ ರೆಕಾರ್ಡ್, ಎಲ್ಲರ ಬಾಯಲ್ಲಿ ಎಂಬಿಆರ್. 1983ರಲ್ಲಿ ಐಬಿಎಂ ಪಿಸಿಗೆ ಹಾರ್ಡ್ ಡಿಸ್ಕ್ ಬಂದಾಗ, ಪಿಸಿ ಡಾಸ್ 2.0 ಜೊತೆ ಶುರುವಾದ ಏರ್ಪಾಡು ಇದು. ಕೊನೆಯ 2 ಬೈಟು ಸಹಿ. ಅದಕ್ಕೂ ಮುಂಚಿನ 64 ಬೈಟು ಪಾರ್ಟಿಷನ್ ಪಟ್ಟಿ. ಪ್ರೋಗ್ರಾಮಿಗೆ ಉಳಿಯುವುದು ಹೆಚ್ಚೆಂದರೆ 446 ಬೈಟು. ಕಂಪ್ಯೂಟರಿನಲ್ಲಿ ಅಕ್ಷರ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ 'ಕ' ಬರೆಯಲು 3 ಬೈಟು ಬೇಕು, 'ಕಿ' ಬರೆಯಲು 6. ಅಂದರೆ ನೀವು ಈಗ ಓದುತ್ತಿರುವ ಈ ಪ್ಯಾರಾ ಕೂಡ ಅಲ್ಲಿ ಹಿಡಿಸುವುದಿಲ್ಲ.

ಅಷ್ಟರೊಳಗೇ ಲ್ಯಾಪ್‌ಟಾಪ್ ತಯಾರಕರು ತಮ್ಮ ಕೆಲಸ ತೂರಿಸಿದರು. ಮಾಮೂಲಿ ಎಂಬಿಆರ್ ಪ್ರೋಗ್ರಾಂ ಮಾಡುವುದು ಇಷ್ಟೇ: ಪಟ್ಟಿಯಲ್ಲಿ 'ಆ್ಯಕ್ಟಿವ್' ಗುರುತು ಇರುವ ಪಾರ್ಟಿಷನ್ ಹುಡುಕು, ಅದರ ಮೊದಲ ಸೆಕ್ಟರ್ ಓದು, ಕೆಲಸ ಅದರ ಕೈಗೆ ಕೊಡು. ತಯಾರಕರ ಪ್ರೋಗ್ರಾಂ ಅದಕ್ಕೂ ಮುಂಚೆ ಅರೆಗಳಿಗೆ ನಿಂತು, ಯಾವುದಾದರೂ ಕೀಲಿ ಒತ್ತಿದ್ದಾರಾ ಅಂತ ಬಯಾಸನ್ನು ಕೇಳುತ್ತದೆ. ಬಯಾಸ್ ಪ್ರತಿ ಕೀಲಿಗೂ ಒಂದು ಸಂಖ್ಯೆ ಕೊಡುತ್ತದೆ. ಎಫ್11ರದ್ದು, 16ರ ಗುಂಪಾಗಿ ಎಣಿಸುವ ಹೆಕ್ಸಾಡೆಸಿಮಲ್‌ನಲ್ಲಿ 85. 85 ಬಂತಾ, ರಿಕವರಿ ಪಾರ್ಟಿಷನ್ ಕಡೆ ತಿರುಗು. ಬರಲಿಲ್ವಾ, ವಿಂಡೋಸ್ ಕಡೆ ನಡೆ.

ಉಬುಂಟು ಹಾಕಿದಾಗ ಗ್ರಬ್ ಅನ್ನುವ ಬೂಟ್ ಲೋಡರ್ (ಓಎಸ್ ಎಬ್ಬಿಸುವ ಪ್ರೋಗ್ರಾಂ) ಬಂದು ಈ 446 ಬೈಟಿನ ಮೇಲೆ ತನ್ನದನ್ನು ಬರೆದುಕೊಂಡಿತು. ಅದರ ತಪ್ಪೇನಿಲ್ಲ, ಸಾಮಾನ್ಯವಾಗಿ ಬೂಟ್ ಲೋಡರ್‌ಗಳ ಮೊದಲ ತುಣುಕು ಕೂರುವುದು ಅಲ್ಲೇ. ಅಂಗಡಿಯಲ್ಲಿ ಹೊಸದಾಗಿ ಓಎಸ್ ಹಾಕಿಸಿಕೊಂಡು ಬಂದ ಮೇಲೆ ಎಷ್ಟೋ ಜನರ ರಿಕವರಿ ಕೀಲಿ ಕೆಲಸ ನಿಲ್ಲಿಸಿದ್ದೂ ಹೀಗೆಯೇ.

ಇನ್ನು ರಿಕವರಿ ಪಾರ್ಟಿಷನ್ನನ್ನು 'ಅಡಗಿಸಿದ' ಪಾರ್ಟಿಷನ್ ಅನ್ನುತ್ತಾರಲ್ಲ, ಆ ಮಾತು. ನಿಜ ಹೇಳಬೇಕೆಂದರೆ ಅದು ಅಡಗಿಲ್ಲ. ಪಾರ್ಟಿಷನ್ ಪಟ್ಟಿಯಲ್ಲಿ ನಾಲ್ಕು ನಮೂದು, ಒಂದೊಂದಕ್ಕೆ 16 ಬೈಟು. ಅದರಲ್ಲಿ ಐದನೆಯ ಬೈಟು ಇದು ಯಾವ ಜಾತಿಯ ಪಾರ್ಟಿಷನ್ ಅಂತ ಹೇಳುತ್ತದೆ. 07 ಇದ್ದರೆ ವಿಂಡೋಸ್ ಫೈಲ್ ಇಡುವ ಮಾಮೂಲಿ ಎನ್‌ಟಿಎಫ್‌ಎಸ್, ವಿಂಡೋಸ್ ಅದಕ್ಕೆ ಡಿ, ಇ ಅಂತ ಅಕ್ಷರ ಕೊಟ್ಟು ತೋರಿಸುತ್ತದೆ. ಅದನ್ನೇ 27 ಮಾಡಿ, ವಿಂಡೋಸ್ ಮುಖ ತಿರುಗಿಸುತ್ತದೆ. ನಾಲ್ಕನೇ ಪಾರ್ಟಿಷನ್ ಆದರೆ ಸೊನ್ನೆಯಿಂದ ಎಣಿಸಿ 498ನೇ ಬೈಟು. ಅದೊಂದನ್ನು ಬದಲಾಯಿಸಿದರೆ 12 ಜಿಬಿ ಕಣ್ಣಿಗೆ ಬೀಳುವುದಿಲ್ಲ. ಐಬಿಎಂನ ಓಎಸ್/2 ಬೂಟ್ ಮ್ಯಾನೇಜರ್ ಕೂಡ ಇದೇ ಉಪಾಯ ಮಾಡುತ್ತಿತ್ತು: ಇರುವ ಸಂಖ್ಯೆಗೆ ಹೆಕ್ಸಾಡೆಸಿಮಲ್‌ನಲ್ಲಿ 10 ಕೂಡಿಸು, 07 ಹೋಗಿ 17 ಆಯಿತು. ಬೀಗ ಹಾಕಿದ್ದಲ್ಲ, 'ಒಳಗೆ ಬರಬೇಡಿ' ಅಂತ ಚೀಟಿ ಅಂಟಿಸಿದ್ದು. ಲಿನಕ್ಸ್‌ನಲ್ಲಿ ಪಾರ್ಟಿಷನ್ ಪಟ್ಟಿ ತೋರಿಸುವ ಎಫ್‌ಡಿಸ್ಕ್ ಓಡಿಸಿದರೆ ಎಲ್ಲ ಬಯಲು.

ನಿಜವಾಗಿ ಬಚ್ಚಿಡುವ ದಾರಿಯೂ ಇತ್ತು. ಡಿಸ್ಕಿಗೇ 'ನಿನ್ನ ಅಳತೆ ಕಮ್ಮಿ ಮಾಡಿ ಹೇಳು' ಅಂತ ಆಜ್ಞೆ ಕೊಟ್ಟರೆ ಕೊನೆಯ ಭಾಗ ಸಾಮಾನ್ಯವಾಗಿ ಓಎಸ್‌ಗೆ ಕಾಣದು. ಐಬಿಎಂ ಥಿಂಕ್‌ಪ್ಯಾಡ್‌ಗಳ ನೀಲಿ 'ಆ್ಯಕ್ಸೆಸ್ ಐಬಿಎಂ' ಗುಂಡಿ ಒಂದು ಕಾಲದಲ್ಲಿ ಹೀಗೆ ಬಚ್ಚಿಟ್ಟ ಜಾಗವನ್ನೇ ತೆರೆಯುತ್ತಿತ್ತು.

ಈಗಿನ ಯಂತ್ರಗಳಲ್ಲಿ ಬಯಾಸ್ ಜಾಗಕ್ಕೆ ಯುಇಎಫ್‌ಐ, ಎಂಬಿಆರ್ ಜಾಗಕ್ಕೆ ಜಿಪಿಟಿ ಬಂದಿವೆ. ಪಾರ್ಟಿಷನ್ ಜಾತಿ ಹೇಳಲು ಒಂದು ಬೈಟಿನ ಬದಲು 16 ಬೈಟಿನ ಉದ್ದನೆಯ ಗುರುತು. 'ಡ್ರೈವ್ ಅಕ್ಷರ ಕೊಡಬೇಡ' ಅನ್ನುವುದಕ್ಕೆ ಬೇರೆಯೇ ಒಂದು ಬಿಟ್. ಯಾವ ಕೀಲಿ ಒತ್ತಿದರೆ ಏನನ್ನು ಬೂಟ್ ಮಾಡಬೇಕು ಅನ್ನುವುದನ್ನು ಮದರ್‌ಬೋರ್ಡಿನ ನೆನಪಿನಲ್ಲೇ ಬರೆದಿಡಬಹುದು. ಕಾವಲುಗಾರ ಡಿಸ್ಕ್ ಬಿಟ್ಟು ಬೋರ್ಡಿಗೆ ಮನೆ ಬದಲಾಯಿಸಿದ ಹಾಗೆ.

ಬೇರೆ ಪಾರ್ಟಿಷನ್ ಯಾಕೆ ಬೇಕು, ಸಿ ಡ್ರೈವಲ್ಲೇ ಒಂದು ಫೈಲ್ ಇಟ್ಟರೆ ಸಾಲದಾ? ಸಾಲದು. ಸಿ ಡ್ರೈವ್ ಮೇಲೆ ಓಡುತ್ತಿರುವ ವಿಂಡೋಸ್ ಸಿ ಡ್ರೈವನ್ನೇ ಅಳಿಸುವುದು ಕೂತ ಕೊಂಬೆಯನ್ನೇ ಕಡಿದ ಹಾಗೆ. ಅದಕ್ಕೇ ರಿಕವರಿ ಪಾರ್ಟಿಷನ್‌ನಲ್ಲಿ ಒಂದು ಪುಟಾಣಿ ವಿಂಡೋಸ್ ಅನ್ನು ಕುಗ್ಗಿಸಿ ಇಟ್ಟಿರುತ್ತಾರೆ. ಎದ್ದ ಕೂಡಲೇ ಅದು ಪೂರ್ತಿಯಾಗಿ ರ್‍ಯಾಮಿಗೆ ಹತ್ತಿ ಕೂರುತ್ತದೆ. ರಿಕವರಿಯ ಕಮಾಂಡ್ ಪ್ರಾಂಪ್ಟ್ ತೆರೆದಾಗ ಎಲ್ಲಿಂದಲೋ ಬಂದ ಒಂದು ಎಕ್ಸ್ ಡ್ರೈವ್ ಕಾಣುತ್ತದಲ್ಲ, ಅದೇ ಇದು. ಈಗ ಡಿಸ್ಕಿನ ಯಾವ ಮೂಲೆ ಬೇಕಾದರೂ ಗುಡಿಸಬಹುದು.

ಮನೆಯಲ್ಲೇ ಇಂಥದ್ದು ಮಾಡಿಕೊಳ್ಳಬಹುದು. ಓಎಸ್ ಹೊಸದಾಗಿ ಹಾಕಿ, ಬೇಕಾದ ಪ್ರೋಗ್ರಾಂ ಎಲ್ಲ ಸೇರಿಸಿ, ಕ್ಲೋನ್‌ಜಿಲ್ಲಾದಂಥ ಸಾಧನದಿಂದ ಅದರ ಇಮೇಜ್ (ಯಥಾವತ್ ಪ್ರತಿ) ತೆಗೆದು ಪ್ರತ್ಯೇಕ ಪಾರ್ಟಿಷನ್‌ನಲ್ಲಿ ಇಡಿ. ಗ್ರಬ್‌ನಲ್ಲಿ ಮೆನು ಕಾಣದ ಹಾಗೆ ಮಾಡಿ, ರಿಕವರಿ ಸಾಲಿಗೆ ಒಂದು ಹಾಟ್‌ಕೀ ಕಟ್ಟಿ. ಜಾಗ ಮಾತ್ರ ಧಾರಾಳವಾಗಿ ಬಿಡಿ. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ರಿಕವರಿ ಭಾಗದ ಒಂದು ಭದ್ರತಾ ತೂತು ಮುಚ್ಚಲು ಅಪ್‌ಡೇಟ್ ಬಿಟ್ಟಾಗ, ಎಷ್ಟೋ ವಿಂಡೋಸ್ 10 ಯಂತ್ರಗಳಲ್ಲಿ ಅದು ಒಳಗೆ ಹಿಡಿಸಲೇ ಇಲ್ಲ. ಪಾರ್ಟಿಷನ್ನನ್ನು ಕೈಯಾರೆ 250 ಎಂಬಿ ಹಿಗ್ಗಿಸಿಕೊಳ್ಳಿ ಅಂತ ಕಂಪನಿಯೇ ಹೇಳಬೇಕಾಯಿತು. ಮನೆಮಂದಿಗೆಲ್ಲ ಪಾರ್ಟಿಷನ್ ತಿದ್ದುವ ಡಿಸ್ಕ್‌ಪಾರ್ಟ್ ಕಲಿಸಿದ ಹಾಗೆ! ಇನ್ನೊಂದು ಮಾತು: ಇಷ್ಟೆಲ್ಲ ಇರುವುದು ಅದೇ ಡಿಸ್ಕಿನಲ್ಲಿ. ಡಿಸ್ಕ್ ಕೆಟ್ಟರೆ ಓಎಸ್, ಅದರ ರಿಕವರಿ ಎರಡೂ ಒಟ್ಟಿಗೇ ಹೋಗುತ್ತವೆ. ಫೋಟೋಗಳಿಗೆ ಬೇರೆ ಕಡೆ ಇನ್ನೊಂದು ಪ್ರತಿ ಇರಲೇಬೇಕು.

ಭಾವನ ಫೋಟೋಗಳನ್ನು ಮೊದಲು ಪೆನ್‌ಡ್ರೈವಿಗೆ ಹಾಕಿಕೊಂಡೆ. ಆಮೇಲೆ ಗ್ರಬ್ ಮೆನುವಿನಲ್ಲಿ 'ಸಿ' ಒತ್ತಿ ಮೂರು ಸಾಲು ಟೈಪ್ ಮಾಡಿದೆ: ಈ ಪಾರ್ಟಿಷನ್ ಹಿಡಿ, ಅದರ ಮೊದಲ ಸೆಕ್ಟರ್ ಓದು, ಬೂಟ್ ಮಾಡು. ತಯಾರಕರ ಲೋಗೋ ಬಂತು. ಭಾವ ಚಾಪೆ ಮೇಲೆ ನೆಟ್ಟಗೆ ಕೂತರು. ಮುಕ್ಕಾಲು ಗಂಟೆ ಆದ ಮೇಲೆ ಕೊಂಡ ದಿನ ಇದ್ದ ಅದೇ ಡೆಸ್ಕ್‌ಟಾಪ್ ಬಂತು. ಮೂಲೆಯಲ್ಲಿ ಒಂದು ಆ್ಯಂಟಿವೈರಸ್ ತಲೆ ಎತ್ತಿ, ಉಚಿತ ಬಳಕೆಗೆ ಇನ್ನು 30 ದಿನ ಮಾತ್ರ ಬಾಕಿ ಅಂತ ಎಚ್ಚರಿಸಿತು.

"ಇದು ಇನ್ನೂ ಇದೆಯಾ!" ಅಂದರು ಭಾವ.